ಹನ್ನೊಂದು ಗಾಡಿಗಳ ಪಟ್ಟಿ

ಬೋರ್ ಹೊಶೂ ದಂಡಿನಲ್ಲಿ ನಾನು ಕ್ಯಾಪ್ಟನ್ ಆಗಿದ್ದೆ. ನನ್ನ ಕೈಕೆಳಗೆ ಸೈನಿಕರಿರಲಿಲ್ಲ. ಒಂದು ಮೇಜು, ಒಂದು ಕಬ್ಬಿಣದ ಕಪಾಟು, ಒಂದು ಟೆಲಿಫೋನು ಇದ್ದವು. ಬ್ರಿಗೇಡಿನಲ್ಲಿ ಎಷ್ಟು ಜನ, ಎಷ್ಟು ಗಾಡಿ, ಅದರಲ್ಲಿ ಕರೆ ಬಂದ ದಿನವೇ ಹೊರಡಲು ಸಿದ್ಧವಾಗಿರುವುದು ಎಷ್ಟು ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಉಲಾನ್‌ಬಾತರಿಗೆ ಕಳುಹಿಸುವುದು ನನ್ನ ಕೆಲಸ. ಕೇಳುವುದಕ್ಕೆ ಗುಮಾಸ್ತನ ಕೆಲಸ. ಆದರೆ ನಮ್ಮಂಥ ಸಣ್ಣ ಸೈನ್ಯದಲ್ಲಿ ರಾಜಧಾನಿಯವರ ಕಣ್ಣಿಗೆ ಬೀಳುವುದು ಆ ಪಟ್ಟಿ ಮಾತ್ರ.

ರಷ್ಯನ್ನರು ಹೋಗಿ ಎಂಟು ವರ್ಷವಾಗಿತ್ತು. ಅವರಿದ್ದಾಗ ನಮ್ಮದು ದೊಡ್ಡ ಸೈನ್ಯವೆಂದು ನಾವೇ ನಂಬಿದ್ದೆವು. ಹೋದ ಮೇಲೆ ಬಿಡಿಭಾಗ ಬರುವುದು ನಿಂತಿತು, ಡೀಸೆಲ್ ಅಳೆದು ಕೊಡುವ ಕಾಲ ಬಂತು, ಒಂದೊಂದೇ ರೆಜಿಮೆಂಟನ್ನು ಮುಚ್ಚಿದರು. ಮುಚ್ಚಿದ ದಂಡುಗಳನ್ನು ನಾನು ನೋಡಿದ್ದೇನೆ. ಮೊದಲು ಕಿಟಕಿಯ ಗಾಜು ಹೋಗುತ್ತದೆ, ಆಮೇಲೆ ಚೌಕಟ್ಟು, ಆಮೇಲೆ ಇಟ್ಟಿಗೆ. ಎರಡು ಚಳಿಗಾಲ ಕಳೆದರೆ ಅಲ್ಲಿ ಶಾಲೆ ಇತ್ತು, ಮಕ್ಕಳು ಓದುತ್ತಿದ್ದರು ಎಂದರೆ ಯಾರೂ ನಂಬುವುದಿಲ್ಲ.

ಕಾಗದದ ಮೇಲೆ ನಮ್ಮಲ್ಲಿ ಮೂರು ಬೆಟಾಲಿಯನ್. ಮೊದಲನೆಯದರಲ್ಲಿ ಮಾತ್ರ ಸೈನಿಕರಿದ್ದರು. ಒಂದು ವರ್ಷದ ಕಡ್ಡಾಯ ಸೇವೆಗೆ ಬಂದ ಇನ್ನೂರು ಚಿಲ್ಲರೆ ಮಂದಿ. ಅವರಲ್ಲಿ ನಲವತ್ತು ಮಂದಿ ಬ್ರಿಗೇಡಿನ ಕುರಿ ಕಾಯುತ್ತಿದ್ದರು, ಬೇಸಿಗೆ ಬಂದರೆ ಉಳಿದವರೂ ಆಲೂಗಡ್ಡೆ ಹೊಲದಲ್ಲೇ. ಎರಡನೆಯ ಬೆಟಾಲಿಯನ್ ಎಂದರೆ ಒಬ್ಬ ಮೇಜರ್, ಒಬ್ಬ ಗುಮಾಸ್ತ, ಬೀಗ ಹಾಕಿದ ಒಂದು ಉಗ್ರಾಣ. ಮೂರನೆಯದಕ್ಕೆ ಮೇಜರ್ ಕೂಡ ಇರಲಿಲ್ಲ, ಬಾಗಿಲ ಮೇಲೆ ಹೆಸರಿನ ಹಲಗೆ ಇತ್ತು ಅಷ್ಟೆ. ಯುದ್ಧ ಬಂದರೆ ಸುತ್ತಲಿನ ಕುರಿಗಾಹಿಗಳು ಬಂದು ಈ ಎರಡನ್ನೂ ತುಂಬಬೇಕೆಂದು ಯೋಜನೆ. ಅವರ ಹೆಸರುಗಳು ನನ್ನ ಕಪಾಟಿನಲ್ಲಿದ್ದವು. ಅರ್ಧದಷ್ಟು ಜನ ಸತ್ತಿದ್ದರು ಅಥವಾ ಊರು ಬಿಟ್ಟಿದ್ದರು.

ಟ್ಯಾಂಕುಗಳು ಗ್ರೀಸ್ ಬಳಿಸಿಕೊಂಡು, ಎಣ್ಣೆಕಾಗದ ಸುತ್ತಿಸಿಕೊಂಡು ಶೆಡ್ಡಿನಲ್ಲಿ ಮಲಗಿದ್ದವು. ಅವುಗಳ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಉತ್ತರಕ್ಕೆ ಒಂದು ದೇಶ, ದಕ್ಷಿಣಕ್ಕೆ ಒಂದು ದೇಶ; ಇಬ್ಬರಲ್ಲಿ ಯಾರು ಬಂದರೂ ನಮ್ಮ ಟ್ಯಾಂಕು ಲೆಕ್ಕಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೇಳುತ್ತಿದ್ದುದು ಹಿಮದ ಗಾಡಿಗಳನ್ನು. ಟ್ಯಾಂಕಿನಂತೆಯೇ ಸರಪಳಿಯ ಮೇಲೆ ಓಡುವ, ಮುಂದುಗಡೆ ಆಳೆತ್ತರದ ಉಕ್ಕಿನ ಹಲಗೆ ಹೊತ್ತ ಗಾಡಿಗಳು. ಕಣಿವೆಯ ದಾರಿ ಮುಚ್ಚಿದರೆ ಬಿಡಿಸುವುದು ಅವೇ. ನಮ್ಮ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಚಾಲೂ ಆಗುತ್ತಿದ್ದುದು ಮೂರು. ನಾಲ್ಕನೆಯದು ಮನಸ್ಸಾದರೆ ಆಗುತ್ತಿತ್ತು. ಉಳಿದ ಏಳರ ಹೊಟ್ಟೆ ಬಗೆದೇ ಈ ನಾಲ್ಕನ್ನು ಬದುಕಿಸಿಟ್ಟಿದ್ದರು.

ಬದುಕಿಸಿಟ್ಟವನು ಲಾಮ್‌ಜಾವ್. ಬ್ರಿಗೇಡಿನ ಗಾಡಿಗಳಿಗೆಲ್ಲ ಮುಖ್ಯ ಮೆಕ್ಯಾನಿಕ್, ನನಗಿಂತ ಏಳು ವರ್ಷ ದೊಡ್ಡವನು. ಇರ್ಕುತ್ಸ್ಕ್‌ನಲ್ಲಿ ಎಂಜಿನ್ ಕೆಲಸ ಕಲಿತು ಬಂದಿದ್ದ. ಗಿಡ್ಡ, ಅಗಲ ಭುಜ, ಎಷ್ಟು ತೊಳೆದರೂ ಕಪ್ಪು ಬಿಡದ ಬೆರಳುಗಳು. ನಾನು ಮೊದಲ ಚಳಿಗಾಲದಲ್ಲಿ ದಂಡಿಗೆ ಬಂದಾಗ ಅವನ ಮನೆಯಲ್ಲೇ ಒಂದು ತಿಂಗಳು ಉಂಡಿದ್ದೆ. ಅವನ ಹೆಂಡತಿ ದುಲ್ಮಾ ದಂಡಿನ ಬೇಕರಿಯಲ್ಲಿ ರೊಟ್ಟಿ ಸುಡುತ್ತಿದ್ದಳು. ಅವನನ್ನು ಅಣ್ಣ ಎನ್ನುತ್ತಿದ್ದೆ, ಅವಳನ್ನು ಅಕ್ಕ. ಬಾಯಿಮಾತಿಗೆ ಅಂದದ್ದಲ್ಲ ಅದು.

ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ 'ಸಿದ್ಧ' ಎಂಬ ಮಾತಿನ ಎದುರು ಲಾಮ್‌ಜಾವ್ ಸಹಿ ಮಾಡಬೇಕು. ಐದು ವರ್ಷ ಗೊಣಗುತ್ತ ಮಾಡಿದ. ನಮ್ಮ ಪಂಚಾಂಗದ ಡ್ರ್ಯಾಗನ್ ವರ್ಷದ ಸೆಪ್ಟೆಂಬರಿನಲ್ಲಿ ನಾನು ಕಾಗದ ಹಿಡಿದು ಶೆಡ್ಡಿಗೆ ಹೋದಾಗ ಅವನು ಗಾಡಿಯ ಅಡಿಯಿಂದ ಹೊರಗೆ ಬರಲೇ ಇಲ್ಲ.

"ಅಲ್ಲೇ ಇಟ್ಟು ಹೋಗು," ಎಂದ.

"ಇವತ್ತೇ ಬೇಕಂತೆ ಅಣ್ಣ. ಮುಂದಿನ ವಾರ ತಪಾಸಣೆಗೆ ಬರ್ತಾರೆ."

"ಹಂಗಾದ್ರೆ ತಗೊಂಡು ಹೋಗು. ಈ ಸಲ ನಾನು ಹಾಕಲ್ಲ."

ನಾನು ಬಗ್ಗಿ ಕೆಳಗೆ ನೋಡಿದೆ. ಅವನ ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಯಾಕಣ್ಣ, ಹೋದ ವರ್ಷ ಹಾಕಿದ್ಯಲ್ಲ."

"ಹೋದ ವರ್ಷ ಇಲಿ ಹುಲ್ಲು ಕೂಡಿಟ್ಟಿರ್ಲಿಲ್ಲ. ಈ ವರ್ಷ ಬೆಟ್ಟದ ಮೇಲೆ ಹೋಗಿ ನೋಡು, ಬಿಲದ ಬಾಯಲ್ಲೆಲ್ಲ ರಾಶಿ ರಾಶಿ. ಚಳಿಗಾಲ ಕೆಟ್ಟದಾಗಿರುತ್ತೆ. ಯಾರಾದ್ರೂ ಆ ಹನ್ನೊಂದನ್ನ ಕಳಿಸಿ ಅಂತ ಕೇಳಿದ್ರೆ ಏನು ಕಳಿಸ್ತೀಯ, ನಿನ್ನ ಕಾಗದಾನಾ?"

ಇದನ್ನು ಕರ್ನಲ್ ಸೊದ್ನೊಮ್ ಅವರಿಗೆ ಹೇಳಿದೆ. ಅವರು ನಮ್ಮ ಬ್ರಿಗೇಡಿನ ಕಮಾಂಡರ್. ಅವರನ್ನು ಕೆಟ್ಟವರೆಂದು ಹೇಳಿ ನಾನು ಹಗುರಾಗಲಾರೆ. ಸೈನಿಕರಿಗೆ ಮಾಂಸ ಕಡಿಮೆಯಾದಾಗ ತಮ್ಮ ಸ್ವಂತ ಕುರಿ ಕಡಿಸಿದವರು. ಕಿಟಕಿಯ ಬಳಿ ನಿಂತು ಶಾಲೆಯ ಕಡೆ ನೋಡುತ್ತ ಹೇಳಿದರು: "ಈ ದಂಡಲ್ಲಿ ಮುನ್ನೂರು ಮನೆ ಇದೆ ಯೊಂದೊನ್. ಶಾಲೆ, ಬೇಕರಿ, ಸ್ನಾನದ ಮನೆ, ಆಸ್ಪತ್ರೆ, ಎಲ್ಲದಕ್ಕೂ ನಮ್ಮ ಬಾಯ್ಲರಿಂದಾನೇ ಶಾಖ. ಮೂರು ಗಾಡಿ ಅಂತ ಬರೆದ್ರೆ ಮುಂದಿನ ವಸಂತಕ್ಕೆ ಮುಚ್ತಾರೆ. ನೀನೇ ಹೇಳು, ಏನು ಬರೀಲಿ?"

"ಹನ್ನೊಂದು, ಸಾರ್," ಎಂದೆ ನಾನು. ನನ್ನ ಮಗಳು ಆಗ ಎರಡನೇ ತರಗತಿಯಲ್ಲಿದ್ದಳು.

ತಪಾಸಣೆಗೆ ಬಂದವರು ಜಿಗ್ಮಿದ್ ಎಂಬ ಕರ್ನಲ್. ಬೆಳಿಗ್ಗೆ ಮೊದಲ ಬೆಟಾಲಿಯನ್ನಿನ ಅಂಗಳದಲ್ಲಿ ನಾಲ್ಕು ಗಾಡಿಗಳನ್ನು ಚಾಲೂ ಮಾಡಿ ತೋರಿಸಿದೆವು. ಆಮೇಲೆ ಅವರನ್ನು ಊಟಕ್ಕೆ ಕೂರಿಸಿ, ಬೇಯಿಸಿದ ಕುರಿಮಾಂಸ ಮುಂದಿಟ್ಟು, ಸೊದ್ನೊಮ್ ಹಳೆಯ ಕಾಲದ ಮಾತು ತೆಗೆದರು. ಅಷ್ಟರಲ್ಲಿ ನಾವು ಅವೇ ನಾಲ್ಕನ್ನು ಹಿಂದಿನ ದಾರಿಯಿಂದ ಎರಡನೆಯ ಬೆಟಾಲಿಯನ್ನಿನ ಶೆಡ್ಡಿಗೆ ಸಾಗಿಸಿದೆವು. ಗಾಡಿಗಳ ಬಾಗಿಲ ಮೇಲಿನ ಸಂಖ್ಯೆಗಳನ್ನು ಸೀಮೆಎಣ್ಣೆಯಿಂದ ಒರೆಸಿ ಬಿಳಿ ಬಣ್ಣದಲ್ಲಿ ಹೊಸ ಸಂಖ್ಯೆ ಬರೆದವನು ನಾನೇ. ಬೇರೆ ಯಾರಿಗೂ ಹೇಳಲು ನಾಚಿಕೆಯಾಗಿತ್ತು. ಉಳಿದ ಮೂರು ಬೆಟ್ಟದ ರಸ್ತೆ ಕೆಲಸಕ್ಕೆ ಹೋಗಿವೆ ಎಂದು ಕಾಗದ ತಯಾರಿತ್ತು.

ಮಧ್ಯಾಹ್ನ ಜಿಗ್ಮಿದ್ ಶೆಡ್ಡಿಗೆ ಬಂದು ಒಂದು ಗಾಡಿಯ ಮೂತಿಯ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು.

"ಈಗ ತಾನೇ ಚಾಲೂ ಮಾಡಿದ್ರಾ?"

"ಹೌದು ಸಾರ್. ನೀವು ಬರ್ತೀರಿ ಅಂತ."

ಎಂಜಿನ್ ಚಾಲೂ ಮಾಡಿಸಿದರು. ತಲೆ ಓರೆ ಮಾಡಿ ಕೇಳಿಸಿಕೊಂಡರು. "ನಿಮ್ಮ ಕಡೆ ಗಾಡಿಗಳಿಗೆಲ್ಲ ಒಂದೇ ಥರದ ಕೆಮ್ಮು ಅಂತ ಕಾಣುತ್ತೆ," ಎಂದರು. ಗಾಡಿಯ ಬಾಗಿಲು ಮುಟ್ಟಿದ ಅವರ ಬೆರಳಿಗೆ ಹಸಿ ಬಿಳಿ ಬಣ್ಣ ಹತ್ತಿತ್ತು. ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿಕೊಂಡು ಸಹಿ ಮಾಡಿದರು. ಅವರ ಹಳೆಯ ರೆಜಿಮೆಂಟನ್ನೂ ಮುಚ್ಚಿದ್ದರೆಂದು ಆಮೇಲೆ ತಿಳಿಯಿತು.

ಲಾಮ್‌ಜಾವ್ ಅಷ್ಟೂ ಹೊತ್ತು ಶೆಡ್ಡಿನ ಮೂಲೆಯಲ್ಲಿ ಡಬ್ಬದ ಮೇಲೆ ಕೂತಿದ್ದ. ತಪಾಸಣೆಯವರು ಹೋದ ಮೇಲೆ ನನ್ನ ಕೈಯಲ್ಲಿದ್ದ ಬ್ರಷ್ಷನ್ನು ನೋಡಿ, "ಬಿಡು, ಸೈನ್ಯ ಮುಚ್ಚಿದ್ರೂ ನಿಂಗೆ ಅನ್ನಕ್ಕೆ ತೊಂದ್ರೆ ಇಲ್ಲ. ಬೋರ್ಡ್ ಬರ್ಕೊಂಡು ಬದುಕ್ತೀಯ," ಎಂದ. ಡ್ರೈವರುಗಳು ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ.

ತಪಾಸಣೆಯ ವರದಿ ಒಂದು ಕಡೆ, ವರ್ಷದ ಪಟ್ಟಿ ಇನ್ನೊಂದು ಕಡೆ. ಪಟ್ಟಿಗೆ ಅವನ ಸಹಿ ಬೇಕೇ ಬೇಕು. ನವೆಂಬರ್ ಮೊದಲ ವಾರದವರೆಗೆ ಕಾದೆವು. ಇನ್ನೆರಡು ಸಲ ಕೇಳಿದೆ, ಇನ್ನೆರಡು ಸಲ ಇಲ್ಲವೆಂದ. ಸೊದ್ನೊಮ್ ನನ್ನನ್ನು ಕರೆದು, "ಹೇಗಾದ್ರೂ ಮಾಡಿ ತಗೊಂಡು ಬಾ," ಎಂದರು. ಹೇಗಾದರೂ ಎಂದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಪಾಟಿನಿಂದ ಹಳೆಯ ಪಟ್ಟಿ ತೆಗೆದು ಎದುರಿಗಿಟ್ಟುಕೊಂಡೆ. ರದ್ದಿ ಹಾಳೆಯ ಮೇಲೆ ಹತ್ತು ಸಲ ಬರೆದು ಅಭ್ಯಾಸ ಮಾಡಿದೆ. ಹನ್ನೊಂದನೆಯ ಸಲ ಪಟ್ಟಿಯ ಮೇಲೆ ಬರೆದೆ. ರದ್ದಿ ಹಾಳೆಯನ್ನು ಒಲೆಗೆ ಹಾಕಿದೆ.

ಅದೇ ತಿಂಗಳು ರಾಜಧಾನಿಯಿಂದ ಇನ್ನೊಂದು ಆಜ್ಞೆ ಬಂತು. ಪ್ರತಿ ವಿಭಾಗದಿಂದ ಒಂದು ಹುದ್ದೆ ಕಡಿಮೆ ಮಾಡಬೇಕು. ಗಾಡಿಗಳ ವಿಭಾಗದಿಂದ ಯಾರು ಎಂದು ಸೊದ್ನೊಮ್ ಕೇಳಿದರು. ನಾನು ಲಾಮ್‌ಜಾವ್‌ನ ಹೆಸರು ಹೇಳಿದೆ. ಇಪ್ಪತ್ತು ವರ್ಷ ಸೇವೆ ಮುಗಿಸಿದ್ದಾನೆ, ಪಿಂಚಣಿ ಬರುತ್ತದೆ, ಕಿರಿಯರಿಗೆ ಸಂಸಾರವಿದೆ ಎಂದು ಕಾರಣ ಕೊಟ್ಟೆ. ಎಲ್ಲವೂ ನಿಜವಾದ ಕಾರಣಗಳೇ. ಆದರೆ ಅವನು ಶೆಡ್ಡಿನಲ್ಲಿ ಇರುವವರೆಗೆ ನನಗೆ ಅವನ ಎದುರು ನಿಲ್ಲಲಾಗುತ್ತಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಡಿಸೆಂಬರಿನಲ್ಲಿ ಅವರು ಮನೆ ಖಾಲಿ ಮಾಡಿದರು. ದುಲ್ಮಾಳ ತಮ್ಮ ಹರ್ ಸಲಾ ಕಣಿವೆಯಲ್ಲಿ ಕುರಿ ಸಾಕಿಕೊಂಡಿದ್ದ. ಅವರ ಮುದಿ ತಾಯಿಯೂ ಅವನ ಜೊತೆಗೇ ಇದ್ದಳು. ಅಲ್ಲಿಗೆ ಹೊರಟಿದ್ದರು. ಸಾಮಾನು ಲಾರಿಗೆ ಏರಿಸಲು ನಾನೂ ಹೋದೆ. ದುಲ್ಮಾ ನನಗೆ ಚಹಾ ಕೊಟ್ಟು, "ನಿಂಗೇನಾದ್ರೂ ಗೊತ್ತಿತ್ತಾ ತಮ್ಮ, ಇವ್ರನ್ನ ತೆಗೀತಾರೆ ಅಂತ?" ಎಂದು ಕೇಳಿದಳು.

"ಇಲ್ಲ ಅಕ್ಕ. ಮೇಲಿಂದ ಬಂದಿದ್ದು," ಎಂದೆ.

ಜನವರಿಯ ನಡುವಿಗೆ ಹಿಮ ಶುರುವಾಯಿತು. ಒಂಬತ್ತು ದಿನ ಬಿತ್ತು. ನಡುವೆ ಒಂದು ದಿನ ಬಿಸಿಲು ಬಂದು ಮೇಲ್ಪದರ ಕರಗಿ, ಮತ್ತೆ ಗಡ್ಡೆ ಕಟ್ಟಿತು. ಅದೇ ಕೇಡಾದದ್ದು. ಕುದುರೆ ಗೊರಸಿನಿಂದ ಒದ್ದರೂ ಒಡೆಯದ ಗಡ್ಡೆ. ಅದರ ಕೆಳಗೆ ಹುಲ್ಲು. ಜುದ್ ಎಂದು ನಾವು ಕರೆಯುವುದು ಇದನ್ನೇ. ಜಾನುವಾರು ನಿಂತಲ್ಲೇ ಸಾಯುತ್ತವೆ, ಒಂದರ ಬಾಲದ ಕೂದಲನ್ನು ಇನ್ನೊಂದು ತಿನ್ನುತ್ತ. ನಮ್ಮ ಸುತ್ತಿನ ಮೂರು ಕಣಿವೆಗಳ ದಾರಿ ಮುಚ್ಚಿತು.

ಹಿಮ ನಿಂತ ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮೇಜಿನ ಟೆಲಿಫೋನು ರಿಂಗಾಯಿತು. ರಾಜಧಾನಿಯಿಂದ. ಸೊದ್ನೊಮ್ ನನ್ನ ಎದುರಿಗೇ ಕೂತಿದ್ದರು.

"ನಿಮ್ಮಲ್ಲಿ ಹನ್ನೊಂದು ಹಿಮದ ಗಾಡಿ ಸಿದ್ಧ ಇವೆ ಅಲ್ವಾ?" ಎಂದಿತು ಆ ಕಡೆಯ ದನಿ. ದಣಿದ, ಆದರೆ ಸೌಮ್ಯವಾದ ದನಿ. "ಮೂರು ತುಕಡಿ ಮಾಡಿ ಮೂರೂ ಕಣಿವೆಗೆ ಒಟ್ಟಿಗೇ ಕಳಿಸಿ. ಮೇವು, ಹಿಟ್ಟು, ಡಾಕ್ಟರು ಜೊತೆಗೆ. ನಾಲ್ಕು ದಿನದಲ್ಲಿ ತಲುಪ್ತೀರ?"

"ತಲುಪ್ತೀವಿ."

"ಪಕ್ಕದ ಪ್ರಾಂತದಿಂದ ಐದು ಗಾಡಿ ನಿಮ್ಮ ಕಡೆ ಕೊಡೋಣ ಅಂತ ಮಾತಾಗಿತ್ತು. ಪಶ್ಚಿಮದ ಕಡೆ ಪರಿಸ್ಥಿತಿ ಇನ್ನೂ ಕೆಟ್ಟಿದೆ, ಅಲ್ಲಿ ಎರಡೇ ಇರೋದು. ಅಲ್ಲಿಗೇ ಕಳಿಸ್ತೀವಿ. ನಿಮಗೆ ಬೇಡ ತಾನೇ?"

ನಾನು ಸೊದ್ನೊಮ್ ಅವರ ಮುಖ ನೋಡಿದೆ. ಅವರಿಗೆ ಆ ಕಡೆಯ ಮಾತು ಕೇಳಿಸುತ್ತಿತ್ತು. ಅವರು ತಲೆ ಆಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ಸುಮ್ಮನೆ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಅಂದರೆ ಆ ಹೊತ್ತಿನಲ್ಲಿ ತೀರ್ಮಾನ ನನ್ನದೇ ಆಗಿತ್ತು. ಎಷ್ಟೋ ವರ್ಷ ನಾನು ಇದನ್ನು ಬೇರೆ ರೀತಿ ನೆನಪಿಟ್ಟುಕೊಳ್ಳಲು ನೋಡಿದ್ದೇನೆ, ಆಗಿಲ್ಲ.

"ಬೇಡ," ಎಂದೆ.

ಫೋನು ಇಟ್ಟ ಮೇಲೆ ಸೊದ್ನೊಮ್ ಸಿಗರೇಟು ಹಚ್ಚಿದರು. "ಮೂರು ಗಾಡಿ ಒಟ್ಟಿಗೇ ಹೋಗ್ಲಿ. ಒಂದು ಕಣಿವೆ ಆದ್ಮೇಲೆ ಇನ್ನೊಂದು. ಎಂಟು ದಿನದಲ್ಲಿ ಮುಗಿಸಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದರು. ನಾಲ್ಕನೆಯ ಗಾಡಿಗೆ ಆ ದಿನ ಮನಸ್ಸಾಗಲಿಲ್ಲ. ಮೊದಲೆರಡು ಕಣಿವೆಗಳಲ್ಲಿ ಒಟ್ಟು ಅರವತ್ತು ಕುಟುಂಬ. ಹರ್ ಸಲಾದಲ್ಲಿ ಏಳು. ಹಾಗಾಗಿ ಹರ್ ಸಲಾ ಕೊನೆಗೆ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಸಂಜೆಯ ರೇಡಿಯೋದಲ್ಲಿ ಸುದ್ದಿ ಬಂತು: ಹನ್ನೊಂದು ಸೈನಿಕ ಗಾಡಿಗಳು ಹೊರಟಿವೆ, ನಾಲ್ಕು ದಿನದೊಳಗೆ ಎಲ್ಲ ಕಣಿವೆ ತಲುಪುತ್ತವೆ, ಯಾರೂ ಇದ್ದ ಜಾಗ ಬಿಟ್ಟು ಕದಲಬಾರದು.

ತುಕಡಿಯ ಜೊತೆ ನಾನೇ ಹೋದೆ. ಹೋಗಲೇಬೇಕೆಂದು ಹಟ ಮಾಡಿದೆ. ಮೊದಲ ಕಣಿವೆಗೆ ಐದು ದಿನ ಹಿಡಿಯಿತು. ಎರಡನೆಯದರ ಬಾಯಲ್ಲಿ ಒಂದು ಗಾಡಿಯ ಸರಪಳಿ ಹರಿದು ಅಲ್ಲೇ ನಿಂತಿತು. ಎರಡು ಗಾಡಿಯಲ್ಲಿ ಆ ಕಣಿವೆ ಮುಗಿಸುವಾಗ ಒಂಬತ್ತನೆಯ ದಿನ. ಅಲ್ಲಿ ಇನ್ನೊಂದನ್ನು ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲು ವಾಪಸು ಕಳಿಸಬೇಕಾಯಿತು. ಒಂದೇ ಗಾಡಿ, ಒಂದು ಮೇವಿನ ಬಂಡಿ, ಒಬ್ಬಳು ಡಾಕ್ಟರು, ಇಬ್ಬರು ಡ್ರೈವರು, ನಾನು. ಹತ್ತನೆಯ ದಿನ ಹರ್ ಸಲಾಗೆ ಹೋಗುವ ಶರ್ ಹೊತೊಲ್ ಕಣಿವೆದಾರಿ ಏರಿದೆವು. ದಾರಿ ಅರ್ಧ ಸಾಗಿರಬೇಕು, ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು.

ಡ್ರೈವರುಗಳು ಫಿಲ್ಟರ್ ಬಿಚ್ಚಿದರು, ತೊಳೆದರು, ಕೂರಿಸಿದರು. ಚಾಲೂ ಆಗಲಿಲ್ಲ. ಬ್ಯಾಟರಿ ಇಳಿಯುತ್ತ ಬಂತು. ಇಬ್ಬರೂ ಹೋದ ವರ್ಷ ಬಂದವರು. ಚಳಿಯಲ್ಲಿ ಕೆಟ್ಟ ಎಂಜಿನ್ನಿನ ಜೊತೆ ಮಾತಾಡುವುದನ್ನು ಅವರಿಗೆ ಕಲಿಸುವವನನ್ನು ನಾನು ಕಳಿಸಿಬಿಟ್ಟಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ತಿರುವಿನಲ್ಲಿ ಒಬ್ಬ ಮನುಷ್ಯ ಕಾಣಿಸಿದ. ಸೊಂಟದವರೆಗಿನ ಹಿಮದಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಬರುತ್ತಿದ್ದ. ಹತ್ತಿರ ಬರುವವರೆಗೆ ಗುರುತು ಸಿಗಲಿಲ್ಲ. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ ಗಡ್ಡೆ ಕಟ್ಟಿತ್ತು. ಕೈಗಳನ್ನು ಎದೆಯ ಮುಂದೆ ಹಿಡಿದಿದ್ದ, ಬೇರೆ ಯಾರದೋ ಸಾಮಾನು ಹೊತ್ತು ತರುವವನ ಹಾಗೆ.

"ಲಾಮ್‌ಜಾವ್ ಅಣ್ಣ," ಎಂದೆ.

"ಡಾಕ್ಟರ್ ಇದಾರಾ?" ಎಂದ ಮೊದಲು. "ಅತ್ತೆಗೆ ಎದೆ ಕಟ್ಕೊಂಡಿದೆ. ಉಸಿರು ಬಿಡೋಕಾಗ್ತಿಲ್ಲ. ನಿನ್ನೆ ಬೆಳಿಗ್ಗೆ ಹೊರಟೆ. ಕುದುರೆ ಹೂತ್ಹೋಯ್ತು. ಅದನ್ನ ತೆಗೆಯೋಕೆ ಹೋಗಿ ಕೈಗವಸು ಒದ್ದೆ ಆಯ್ತು."

ಡಾಕ್ಟರು ಅವನ ಕೈಗವಸನ್ನು ಕತ್ತರಿಸಿ ತೆಗೆದಳು. ಬೆರಳುಗಳು ಮೇಣದ ಹಾಗಿದ್ದವು. ಅವಳು ಬಟ್ಟೆ ಸುತ್ತತೊಡಗಿದಳು. ಅವನು ತನ್ನ ಕೈ ಕಡೆ ನೋಡಲೇ ಇಲ್ಲ. ಗಾಡಿಯನ್ನು ನೋಡುತ್ತಿದ್ದ.

"ಹೇಗೆ ನಿಂತಿತು? ಧಡಕ್ಕಂತ ನಿಂತಿತಾ, ಬಿಕ್ಕಳಿಸಿ ನಿಂತಿತಾ?"

"ಬಿಕ್ಕಳಿಸಿ," ಎಂದ ಒಬ್ಬ ಡ್ರೈವರು. "ಫಿಲ್ಟರ್ ತೊಳೆದ್ವಿ."

"ಫಿಲ್ಟರ್ ಪಾಪ ಏನ್ಮಾಡ್ತು? ಟ್ಯಾಂಕಿಂದ ಬರೋ ಪೈಪು ಎಡಗಡೆ ಬಗ್ಗುತ್ತಲ್ಲ, ಅಲ್ಲಿ ನೀರು ನಿಂತು ಗಡ್ಡೆ ಆಗಿರುತ್ತೆ. ನೀವು ಬಿಚ್ಚಿ ಕೂರಿಸಿ ಗಾಳೀನೂ ತುಂಬಿದೀರ. ಈಗ ಏರ್ ಲಾಕ್. ಬೆಂಕಿ ಹಿಡೀಬೇಡಿ. ನೀರು ಕಾಯಿಸಿ, ಕಂಬಳಿ ತುಂಡು ಅದ್ದಿ ಪೈಪಿಗೆ ಸುತ್ತಿ. ಯೊಂದೊನ್, ನೀನು ಬಾ. ಹನ್ನೆರಡನೇ ನಂಬರ್ ಸ್ಪ್ಯಾನರ್ ತಗೋ."

ನಾನು ಅವನ ಕೈಯಾದೆ. ಅವನು ಗಾಡಿಗೆ ಒರಗಿ ನಿಂತು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಪಂಪಿನ ಮೇಲಿನ ತಿರುಪು ಅರ್ಧ ಸುತ್ತು ಸಡಿಲಿಸು, ಇನ್ನೂ ಸ್ವಲ್ಪ, ಸಾಕು. ಈಗ ಕೈಪಂಪು ಒತ್ತು. ನೊರೆ ಬರುತ್ತಾ? ಒತ್ತುತ್ತಾ ಇರು. ನೊರೆ ನಿಲ್ಲೋವರೆಗೂ ಒತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತು ವರ್ಷದ ಹಿಂದೆ ಶೆಡ್ಡಿನಲ್ಲಿ ನನಗೆ ಮೊದಲ ಸಲ ಎಂಜಿನ್ ತೋರಿಸಿದಾಗಿನ ದನಿಯೇ. ಒಂದು ಗಂಟೆಯ ಮೇಲೆ ಎಂಜಿನ್ ಹಿಡಿಯಿತು.

ಕ್ಯಾಬಿನ್ನಿನಲ್ಲಿ ಅವನು ನನ್ನ ಪಕ್ಕ ಕೂತ. ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ರೇಡಿಯೋದಲ್ಲಿ ಹನ್ನೊಂದು ಅಂದ್ರು," ಎಂದ. "ನಾನು ಭಾಮೈದಂಗೆ ಹೇಳ್ದೆ, ಮೂರೇ ಇರೋದು ಕಣೋ, ನಮ್ಮ ಕಡೆ ಬರೋದು ಕೊನೆಗೆ. ಕುದುರೆ ಮೈಯಲ್ಲಿ ಶಕ್ತಿ ಇರೋವಾಗ್ಲೇ ಕೆರೆ ತಗ್ಗಿಗೆ ಇಳಿದುಬಿಡೋಣ, ಅಲ್ಲಿ ಗಾಳಿ ಹಿಮಾನ ನಿಲ್ಲೋಕೆ ಬಿಡಲ್ಲ, ಹುಲ್ಲು ಸಿಗುತ್ತೆ ಅಂತ. ಏಳು ಮನೆಯೋರೂ ನಕ್ಕರು. ಕೆಲಸದಿಂದ ತೆಗೆದಿದ್ದಕ್ಕೆ ಹೊಟ್ಟೆಕಿಚ್ಚು ಇವನಿಗೆ ಅಂದ್ರು. ಸರ್ಕಾರ ಹೇಳಿದೆ, ಕದಲಬೇಡಿ ಅಂತ. ಕದಲಲಿಲ್ಲ."

"ನೀನು ಹೋಗ್ಬಹುದಿತ್ತಲ್ಲ ಅಣ್ಣ."

"ಅತ್ತೆನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ಗಾಡಿ ಒಂದು ತಿರುವು ದಾಟಿತು. ಆಮೇಲೆ ನಾನು ಹೇಳಿದೆ. ಪಟ್ಟಿಯ ಮೇಲೆ ಅವನ ಸಹಿ ನಾನೇ ಹಾಕಿದ್ದು, ಅವನ ಹೆಸರು ಕೊಟ್ಟವನೂ ನಾನೇ, ಐದು ಗಾಡಿ ಕಳಿಸುತ್ತೇವೆ ಎಂದಾಗ ಬೇಡವೆಂದವನೂ ನಾನೇ. ಎಂಜಿನ್ ಸದ್ದಿನಲ್ಲಿ ಕೂಗಿ ಹೇಳಬೇಕಾಗಿತ್ತು. ತಪ್ಪನ್ನು ಕೂಗಿ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು.

ಅವನು ಎದುರಿನ ಹಿಮವನ್ನೇ ನೋಡುತ್ತಿದ್ದ. ಕೊನೆಗೆ, "ನನ್ನ ಸಹಿ ಕಷ್ಟ. ಕೊನೆಗೆ ಬಾಲ ಎಡಕ್ಕೆ ತಿರುಗ್ಬೇಕು. ತಿರುಗಿಸಿದ್ಯಾ?" ಎಂದ.

"ತಿರುಗಿಸಿದೆ."

"ಹಂಗಾದ್ರೆ ಸರಿಯಾಗೇ ಇರುತ್ತೆ," ಎಂದ. ಮತ್ತೆ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಡ್ರೈವರಿಗೆ ಮಾತ್ರ, ಎಡಕ್ಕೆ, ಇನ್ನೂ ಎಡಕ್ಕೆ, ಬಲಕ್ಕೆ ಹಳ್ಳ ಇದೆ, ಎನ್ನುತ್ತಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ಹರ್ ಸಲಾ ತಲುಪಿದೆವು. ಗುಡಾರಗಳ ಸುತ್ತ ಕುರಿಗಳು ನಿಂತ ಹಾಗೆಯೇ ಸತ್ತು ಹಿಮದಲ್ಲಿ ನೆಟ್ಟುಕೊಂಡಿದ್ದವು. ಏಳು ಮನೆಗಳಿಂದ ಉಳಿದದ್ದು ಮೂವತ್ತು ಚಿಲ್ಲರೆ ಕುರಿ, ನಾಲ್ಕು ಕುದುರೆ, ಒಂದು ಒಂಟೆ. ನಾವು ತಂದಿದ್ದ ಮೇವನ್ನು ಇಳಿಸುತ್ತಿದ್ದಂತೆ ದುಲ್ಮಾಳ ತಮ್ಮ ಬಂದು ನೋಡಿ, "ಇದನ್ನ ಯಾರಿಗೆ ಹಾಕೋದು?" ಎಂದು ಕೇಳಿದ. ಮೂದಲಿಸಿದ್ದಲ್ಲ. ನಿಜವಾಗಿಯೂ ಕೇಳಿದ್ದು.

ದುಲ್ಮಾ ಗುಡಾರದ ಬಾಗಿಲಲ್ಲಿ ನಿಂತಿದ್ದಳು. ಗಂಡನ ಕೈ ನೋಡಿದಳು, ಆಮೇಲೆ ಅವನ ಹಿಂದೆ ಚೀಲ ಹಿಡಿದು ಬರುತ್ತಿದ್ದ ಡಾಕ್ಟರನ್ನು. "ಅವ್ವ ನಿನ್ನೆ ಮಧ್ಯಾಹ್ನ ಹೋದ್ಲು," ಎಂದಳು. "ನೀವು ಹೊರಟ ಮಾರನೇ ದಿನ." ಲಾಮ್‌ಜಾವ್ ಅವಳ ಹೆಗಲಿಗೆ ಹಣೆ ಒರಗಿಸಿ ನಿಂತ. ಹಿಡಿದುಕೊಳ್ಳಲು ಅವನಿಗೆ ಕೈ ಇರಲಿಲ್ಲ.

ಪ್ರಾಂತದ ಆಸ್ಪತ್ರೆಯಲ್ಲಿ ಅವನ ಬಲಗೈಯ ಐದೂ ಬೆರಳು, ಎಡಗೈಯ ಮೂರು ಬೆರಳು ತೆಗೆದರು.

ವಸಂತದಲ್ಲಿ ರಾಜಧಾನಿಯಿಂದ ವಿಚಾರಣೆಗೆ ಬಂದರು. ಹನ್ನೊಂದು ಎಂದು ಬರೆದವರು ಯಾರು, ಸಿದ್ಧವೆಂದು ಸಹಿ ಮಾಡಿದವರು ಯಾರು ಎಂದು ಕೇಳಿದರು. ಕಾಗದ ಲಾಮ್‌ಜಾವ್‌ನ ಹೆಸರು ಹೇಳುತ್ತಿತ್ತು. ಅವನನ್ನು ಕರೆಸಿದರು. ಕೈಗೆ ಬಟ್ಟೆ ಸುತ್ತಿಕೊಂಡೇ ಬಂದು ಎದುರು ಕೂತ. ಇದು ನಿಮ್ಮ ಸಹಿಯೇ ಎಂದು ಕೇಳಿದರೆ, "ನನ್ನ ಸಹಿ ಥರಾನೇ ಇದೆ," ಎಂದಷ್ಟೇ ಹೇಳಿದನಂತೆ. ನಾನು ಮಾಡಿದ್ದೆಂದು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದಯೆ ಇರಬಹುದು. ನಾನೇ ಬಾಯಿ ಬಿಡುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಿರಬಹುದು.

ಹದಿಮೂರು ದಿನ ನಾನು ಬಾಯಿ ಬಿಡಲಿಲ್ಲ. ಮಗಳ ಶಾಲೆಯ ವರ್ಷ ಮುಗಿಯಲಿ, ಸೊದ್ನೊಮ್ ಏನಾದರೂ ದಾರಿ ಹುಡುಕಲಿ ಎಂದು ದಿನ ತಳ್ಳಿದೆ. ಹದಿನಾಲ್ಕನೆಯ ದಿನ ಅವನ ಪಿಂಚಣಿ ನಿಲ್ಲಿಸುವ ಕಾಗದ ನನ್ನ ಮೇಜಿಗೇ ಬಂತು, ದಾಖಲಿಸಿಕೊಳ್ಳಲು. ಅದನ್ನು ಹಿಡಿದುಕೊಂಡು ಹೋಗಿ ವಿಚಾರಣೆಯವರ ಮುಂದೆ ಎಲ್ಲವನ್ನೂ ಹೇಳಿದೆ. ರದ್ದಿ ಹಾಳೆಯ ವಿಷಯ, ಬಿಳಿ ಬಣ್ಣದ ವಿಷಯ, ಫೋನಿನ ವಿಷಯ. ಬರೆದುಕೊಳ್ಳುತ್ತಿದ್ದ ಅಧಿಕಾರಿ ನಡುವೆ ತಲೆಯೆತ್ತಿ, "ಇಷ್ಟು ದಿನ ಎಲ್ಲಿದ್ರಿ?" ಎಂದ. "ಇಲ್ಲೇ, ಪಕ್ಕದ ಕೋಣೇಲಿ," ಎಂದೆ.

ನನ್ನನ್ನು ಸೈನ್ಯದಿಂದ ಹೊರಗೆ ಹಾಕಿದರು. ಸೊದ್ನೊಮ್ ಅವರನ್ನು ನಿವೃತ್ತಿಗೊಳಿಸಿದರು. ಅವರು ಎರಡು ವರ್ಷದಲ್ಲಿ ತೀರಿಕೊಂಡರು. ಲಾಮ್‌ಜಾವ್‌ಗೆ ಪಿಂಚಣಿ ಮರಳಿ ಬಂತು. ಬ್ರಿಗೇಡನ್ನು ಮುಂದಿನ ವರ್ಷ ಮುಚ್ಚಿದರು, ನಮ್ಮ ಸುಳ್ಳಿಗಾಗಿ ಅಲ್ಲ. ಆಜ್ಞೆ ಮೊದಲೇ ತಯಾರಾಗಿತ್ತಂತೆ. ಪಟ್ಟಿಯಲ್ಲಿ ಹನ್ನೊಂದು ಇದ್ದರೂ ಮೂರಿದ್ದರೂ ನಮ್ಮ ಹೆಸರು ಆ ಸಾಲಿನಲ್ಲಿತ್ತು. ಈಗ ಹೊಸ ಸೈನ್ಯ ಬಂದಿದೆ. ಸಣ್ಣದು, ಚೊಕ್ಕದು, ಬೇರೆ ದೇಶಗಳಿಗೆ ಶಾಂತಿ ಕಾಯಲು ಹೋಗುತ್ತದೆ. ಒಳ್ಳೆಯ ಹೆಸರಿದೆ. ಪತ್ರಿಕೆಯಲ್ಲಿ ಓದಿದಾಗ ಸಂತೋಷವಾಗುತ್ತದೆ, ಆದರೆ ಅಲ್ಲಿ ಬರೆದಿರುವ ಸಂಖ್ಯೆಗಳನ್ನು ಬಿಟ್ಟು ಮುಂದೆ ಓದುತ್ತೇನೆ.

ಲಾಮ್‌ಜಾವ್ ಮತ್ತು ದುಲ್ಮಾ ಈಗ ಪ್ರಾಂತದ ಪಟ್ಟಣದಲ್ಲಿದ್ದಾರೆ. ಅವನು ಒಂದು ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಎಂಜಿನ್ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆ, ಬೇರೆಯವರು ಬಿಚ್ಚುತ್ತಾರೆ. ನಮ್ಮ ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಪ್ರತಿ ವರ್ಷ ಹೋಗುತ್ತೇನೆ. ಹಬ್ಬದ ದಿನ ಕಿರಿಯವನು ತನ್ನ ಕೈಗಳನ್ನು ಹಿರಿಯವನ ಮೊಳಕೈ ಕೆಳಗೆ ಇಟ್ಟು ಎತ್ತಿ ಹಿಡಿದು ಕ್ಷೇಮ ಕೇಳಬೇಕು. ಅವನು ತೋಳು ಚಾಚುತ್ತಾನೆ, ನಾನು ಹಿಡಿಯುತ್ತೇನೆ. "ಚೆನ್ನಾಗಿ ಚಳಿಗಾಲ ಕಳೀತಾ?" ಎನ್ನುತ್ತಾನೆ. ಕಳೆಯಿತು ಎನ್ನುತ್ತೇನೆ. ದುಲ್ಮಾ ಮಾಂಸ ತುಂಬಿದ ಬೂಜ್ ಕಡುಬು ಬೇಯಿಸಿ ತಟ್ಟೆ ತುಂಬ ಇಡುತ್ತಾಳೆ, ಎದುರಿಗೆ ಕೂರುವುದಿಲ್ಲ.

ಕಳೆದ ಹಬ್ಬಕ್ಕೆ ಮಾತ್ರ ಕೂತಳು. ಲಾಮ್‌ಜಾವ್ ಮೊಮ್ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದ. ಅವಳು ಚಹಾದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಒಂದು ಮಾತು ಕೇಳ್ತೀನಿ ತಮ್ಮ. ಅವತ್ತು ಫೋನಲ್ಲಿ ಬೇಡ ಅಂದ್ಬಿಟ್ಟೆ. ಹೆದರಿಕೆ, ಬಾಯಿಗೆ ಬಂತು, ಅಂತ ಆಮೇಲೆ ನೀನೇ ಹೇಳ್ದೆ. ಅದು ನಂಗೆ ಅರ್ಥ ಆಗುತ್ತೆ." ನನ್ನ ಮುಖ ನೋಡಿದಳು. "ಆಮೇಲೆ ಫೋನು ಕೆಟ್ಟೋಗಿತ್ತಾ?"

"ಇಲ್ಲ ಅಕ್ಕ."

"ಮಾರನೇ ದಿನ? ಅದರ ಮಾರನೇ ದಿನ? ದಾರೀಲಿ, ಆ ಕಣಿವೆಗಳಿಂದಾನೂ ಮಾಡ್ಬಹುದಿತ್ತಾ?"

"ಮಾಡ್ಬಹುದಿತ್ತು. ಮೊದಲ ಕಣಿವೇಲಿ ರೇಡಿಯೋ ಸೆಟ್ಟೂ ಇತ್ತು."

"ಹೂಂ," ಎಂದಳು. ನನ್ನ ಬಟ್ಟಲಿಗೆ ಚಹಾ ಹಾಕಿದಳು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ತಮ್ಮನಿಗಲ್ಲ, ಅತಿಥಿಗೆ ಕೊಡುವ ಹಾಗೆ.